ಗುಂಯ್ ಅನ್ನದ ಪಿಕಪ್ ಹುಡುಕಿದ ಕಥೆ

ನನ್ನ ಬೇಸ್ ಗಿಟಾರಿನ ಪಿಕಪ್ಪಿಗೆ, ಅಂದರೆ ತಂತಿಯ ಅಲುಗಾಟವನ್ನು ಕರೆಂಟು ಮಾಡಿ ಸ್ಪೀಕರಿನ ಕಡೆ ಕಳಿಸುವ ಭಾಗಕ್ಕೆ, ಬಿದ್ದದ್ದು 900 ರೂಪಾಯಿ. ಅದನ್ನು ಆರಿಸಲು ಹಿಡಿದದ್ದು ಮೂರು ತಿಂಗಳು. "ಇಷ್ಟು ವಿಚಾರ ಮಾಡಿ ನೀವು ಸೈಟ್ ಸೈತ ತಗೊಂಡಿಲ್ರಿ" ಅಂತ ಹೆಂಡತಿ ಇವತ್ತಿಗೂ ನಗುತ್ತಾಳೆ.

ಬೀದರಿನಲ್ಲಿ ನಮ್ಮ ಚರ್ಚಿನ ಹಾಡಿನ ತಂಡದಲ್ಲಿ ನಾನು ಬೇಸ್ ನುಡಿಸುತ್ತೇನೆ. ಗಿಟಾರು ಗೆಳೆಯನದು. ಅವನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು, ಗಿಟಾರೂ ಅವನ ಜೊತೆ ಹೋಯಿತು. ಹೊಸದು ಕೊಳ್ಳಲು ದುಡ್ಡಿರಲಿಲ್ಲ ಅಂದರೆ ಅರ್ಧ ಸುಳ್ಳು. ನಾನೇ ಮಾಡಬೇಕು ಅನ್ನೋ ಹುಚ್ಚೂ ಇತ್ತು. ಹಳೆ ವಾಡೆಯೊಂದನ್ನು ಕೆಡವಿದಾಗ ತಂದಿಟ್ಟಿದ್ದ ಸಾಗವಾನಿ ಚೌಕಟ್ಟು ಮನೆಯಲ್ಲಿ ಬಿದ್ದಿತ್ತು. ಬಾಡಿ ಅದರಿಂದಲೇ ಆಯಿತು. ನೆಕ್, ಅಂದರೆ ಬೆರಳಿಟ್ಟು ಒತ್ತುವ ಉದ್ದನೆಯ ಕತ್ತು, ಮಾತ್ರ ಸಿದ್ಧವಾದದ್ದನ್ನೇ ತರಿಸಿದೆ, 34 ಇಂಚು ಸ್ಕೇಲಿನದು (ತಂತಿ ಅಲುಗುವ ಉದ್ದ). ಅದರ ಮೇಲಿನ ಲೋಹದ ಅಡ್ಡಪಟ್ಟಿ, ಫ್ರೆಟ್, ಕೂಡಿಸುವುದು ನನ್ನಂಥವನ ಕೈಕೆಲಸ ಅಲ್ಲ.

12 ಸಾವಿರದೊಳಗೆ ಮುಗಿಸಬೇಕು ಅಂತ ಲೆಕ್ಕ ಹಾಕಿದ್ದೆ. ನೆಕ್, ತಂತಿ ಕೂರುವ ಬ್ರಿಡ್ಜ್, ತಂತಿ ಬಿಗಿದು ಶ್ರುತಿ ಮಾಡುವ ಟ್ಯೂನರ್, ತಂತಿ ಅಂತ ದುಡ್ಡು ಕರಗಿತು. ಪಿಕಪ್, ಪಾಟ್ (ವಾಲ್ಯೂಮ್, ಟೋನ್ ನಾಬಿನ ಕೆಳಗಿನ ಭಾಗ), ಕೇಬಲ್ ಚುಚ್ಚುವ ಜ್ಯಾಕ್ ಎಲ್ಲಕ್ಕೂ ಸೇರಿ ಉಳಿದದ್ದು 1,500. ಬ್ರಿಡ್ಜ್ ಮತ್ತು ಟ್ಯೂನರಿನಲ್ಲಿ ಉಳಿಸಿ ಪಿಕಪ್ಪಿಗೆ ಸುರಿಯಬಹುದಿತ್ತು. ಹಾಗೆ ಮಾಡಲಿಲ್ಲ, ಅದು ಸರಿ ಅಂತಲೇ ಈಗಲೂ ಅನಿಸುತ್ತದೆ. ಪಿಕಪ್ಪನ್ನು ನಾಳೆ ಎರಡು ವೈರ್ ಬಿಚ್ಚಿ ಬದಲಾಯಿಸಬಹುದು. ಶ್ರುತಿ ನಿಲ್ಲದ ಟ್ಯೂನರ್ ಪ್ರತಿ ಹಾಡಿಗೂ ಕಾಡುತ್ತದೆ.

ಪಿಕಪ್ ಅಂದರೆ ದೊಡ್ಡ ರಹಸ್ಯವೇನಲ್ಲ. ಒಂದು ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲೆ ಗಿಟಾರಿನ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ತೊಂದರೆ ಏನೆಂದರೆ, ಆ ಸುರುಳಿಗೆ ಗಿಟಾರಿನ ತಂತಿ ಯಾವುದು, ಟ್ಯೂಬ್‌ಲೈಟಿನ ಚೋಕ್ ಯಾವುದು ಅಂತ ಗೊತ್ತಾಗುವುದಿಲ್ಲ. ಸುತ್ತಲಿನ 50 ಹರ್ಟ್ಸ್ ಕರೆಂಟನ್ನೂ ಹೀರಿಕೊಂಡು ಗುಂಯ್ ಅನ್ನುತ್ತದೆ.

ಗೆಳೆಯನ ಗಿಟಾರಿನಲ್ಲಿ ಇದು ಚೆನ್ನಾಗಿ ಅನುಭವವಾಗಿತ್ತು. ಅದು ಜಾಜ್ ಬೇಸ್ ನಮೂನೆಯದು. ಉದ್ದನೆಯ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಎರಡನ್ನೂ ಪೂರ್ತಿ ತಿರುಗಿಸಿದರೆ ಒಂದರ ಗುಂಯ್ ಇನ್ನೊಂದು ಅಳಿಸುತ್ತದೆ, ಶಾಂತ. ಒಂದನ್ನು ಇಳಿಸಿದಿರೋ, ಜೇನುಗೂಡು ಎದ್ದಂತೆ. ಚರ್ಚಿನಲ್ಲಿ ಸಾಲು ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿ ಸುಮ್ಮನಾದಾಗ ಕೇಳಿಸುವುದು ನನ್ನ ಗಿಟಾರೊಂದೇ! ನಮ್ಮ ಮನೆಯೂ ಹಳೆಯದು, ಅರ್ಥಿಂಗ್ ಹೆಸರಿಗಷ್ಟೇ.

ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಪರಿಚಯದವರೊಬ್ಬರ ಬಳಿ ಪ್ರಿಸಿಶನ್ ನಮೂನೆಯ ಬೇಸ್ ಇತ್ತು. ಒಂದು ಸಂಜೆ ಕೇಳಿ ತಂದು, ಟ್ಯೂಬ್‌ಲೈಟಿನ ಕೆಳಗೇ ಕೂತು ಹಚ್ಚಿದೆ. ಗುಂಯ್ ಸದ್ದಿಲ್ಲ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1951ರಲ್ಲಿ ಈ ಬೇಸ್ ತಂದಾಗ ಅದರಲ್ಲೂ ಸಿಂಗಲ್ ಕಾಯಿಲ್ಲೇ ಇತ್ತು. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿದರು. ಒಂದು ತುಂಡು ದಪ್ಪನೆಯ ಇ ಮತ್ತು ಎ ತಂತಿಗೆ, ಇನ್ನೊಂದು ತೆಳ್ಳನೆಯ ಡಿ ಮತ್ತು ಜಿ ತಂತಿಗೆ. ಒಂದರ ಸುತ್ತು ಮತ್ತು ಆಯಸ್ಕಾಂತ ಇನ್ನೊಂದಕ್ಕೆ ಉಲ್ಟಾ. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಸತ್ತುಹೋಗುತ್ತದೆ. ಹಾಡು ಉಳಿಯುತ್ತದೆ. ಅವತ್ತೇ ತೀರ್ಮಾನವಾಯಿತು. ಒಂದೇ ಪಿಕಪ್ ಅಂದರೆ ಒಂದು ವಾಲ್ಯೂಮ್, ಒಂದು ಟೋನ್ ಸಾಕು. ಕೊರೆಯುವ ಕೆಲಸವೂ ಕಡಿಮೆ. 9 ವೋಲ್ಟ್ ಬ್ಯಾಟರಿ ಬೇಡುವ ಆಕ್ಟಿವ್ ಪಿಕಪ್ಪಿನ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಪೂಜೆಯ ನಡುವೆ ಬ್ಯಾಟರಿ ತೀರಿದರೆ ಯಾರನ್ನು ಕೇಳೋದು?

ಇನ್ನು ಯಾವ ಪಿಕಪ್? ಹೆಸರುವಾಸಿ ಕಂಪನಿಯದಕ್ಕೆ ನನ್ನ ಅರ್ಧ ಬಜೆಟ್ಟೇ ಹೋಗುತ್ತಿತ್ತು. ಹೆಸರಿಲ್ಲದವು ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ, ಎಲ್ಲದರ ಮೇಲೂ ‘ಅಲ್ನಿಕೊ’ ಅಂತಲೇ ಬರೆದಿರುತ್ತಾರೆ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಆಯಸ್ಕಾಂತ ಅದು. ನಂಬುವ ಮೊದಲು ಪಿಕಪ್ಪಿನ ತಳದ ಫೋಟೊ ನೋಡಿ. ತಳಕ್ಕೆ ಕಪ್ಪನೆಯ ಚಪ್ಪಟೆ ಪಟ್ಟಿ ಅಂಟಿಸಿದ್ದರೆ ಅದು ಸಿರಾಮಿಕ್, ಮೇಲೆ ಕಾಣುವ ಗುಂಡಿಗಳು ಬರೀ ಕಬ್ಬಿಣ. ಅಲ್ನಿಕೊ ಆದರೆ ಸಾಮಾನ್ಯವಾಗಿ ಆ ಗುಂಡಿಗಳೇ ಆಯಸ್ಕಾಂತ. ನಾನು ಗೊತ್ತಿದ್ದೇ ಸಿರಾಮಿಕ್ ತಗೊಂಡೆ. ದನಿ ಸ್ವಲ್ಪ ಚುರುಕು, ಮೇಲಿನ ಸ್ವರ ಜಾಸ್ತಿ ಅನ್ನುತ್ತಾರೆ. ಮೇಲಿನ ಸ್ವರ ತಗ್ಗಿಸೋ ಟೋನ್ ನಾಬ್ ಇರೋದು ಯಾಕೆ ಮತ್ತೆ?

ಮೊದಲ ಪಾರ್ಸೆಲ್ಲಿನ ಪಿಕಪ್ ಸತ್ತಿತ್ತು. ಬಾಡಿಗೆ ಕೂಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದದ್ದು ಒಳ್ಳೆಯದಾಯಿತು. ಒಂದು ತುಂಡಿನ ಸುರುಳಿ 5 ಕಿಲೊ ಓಮ್ ಪ್ರತಿರೋಧ ತೋರಿಸಿತು, ಇನ್ನೊಂದು ಏನೂ ಇಲ್ಲ. ಒಳಗಿನ ತಂತಿ ಸುಮಾರು 0.06 ಮಿ.ಮೀ. ದಪ್ಪ, ಕೂದಲಿನಷ್ಟು. ಎಲ್ಲೋ ಹರಿದಿತ್ತು. ಎರಡೂ ತುಂಡು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುವುದರಿಂದ ಒಂದು ಹರಿದರೂ ಪೂರ್ತಿ ಮೌನ. ವಾಪಸ್ ಕಳಿಸಿದೆ. ಎರಡನೆಯದು ಒಟ್ಟು 10.6 ಕಿಲೊ ಓಮ್ ಬಂತು. ಈ ನಮೂನೆಗೆ 10ರಿಂದ 12 ಇದ್ದರೆ ಸರಿ. ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಸುತ್ತು ಹೆಚ್ಚಿದರೆ ಸದ್ದು ಹೆಚ್ಚುತ್ತದೆ, ಆದರೆ ದನಿ ಮಬ್ಬಾಗುತ್ತದೆ. ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಚಿಕ್ಕ ಆಯಸ್ಕಾಂತದ ಒಂದೇ ಮುಖವನ್ನು ಎರಡೂ ತುಂಡುಗಳ ಮೇಲೆ ಹಿಡಿಯಿರಿ. ಒಂದು ಎಳೆಯಬೇಕು, ಇನ್ನೊಂದು ತಳ್ಳಬೇಕು. ಎರಡೂ ಎಳೆದರೆ ಗುಂಯ್ ಹೋಗುವ ಆಸೆ ಬಿಡಿ.

ನಾನು ಮಾಡಿದ ತಪ್ಪು ಬೇರೆ. ಪಾರ್ಸೆಲ್ ಕಾಯಲಾರದೆ, ಜಾಹೀರಾತಿನಲ್ಲಿದ್ದ ಅಳತೆ ನಂಬಿ ಬಾಡಿಯಲ್ಲಿ ಪಿಕಪ್ಪಿನ ಗೂಡು ಕೊರೆಸಿಬಿಟ್ಟಿದ್ದೆ. ಬಂದ ಪಿಕಪ್ಪಿನ ಸ್ಕ್ರೂ ಹಾಕುವ ಕಿವಿಗಳು ಬೇರೆ ಕಡೆ ಇದ್ದವು. ಒಂದು ಬದಿಗೆ 3 ಮಿ.ಮೀ. ಸಂದು. ಬಡಿಗ ಕಾಕಾ ನೋಡಿ, "ಕೊಂಡಿ ಬರೂಕಿಂತ ಮೊದ್ಲ ಬಾಗಿಲಕ್ಕ ತೂತ ಹೊಡಿತಾರೇನು ತಮ್ಮಾ?" ಅಂದರು. ಸಾಗವಾನಿ ಹುಡಿಗೆ ಫೆವಿಕಾಲ್ ಕಲಸಿ ತುಂಬಿದ್ದು ಈಗಲೂ ಕಾಣುತ್ತದೆ. ಪಿಕಪ್ ಕೂರಬೇಕಾದ ಜಾಗವನ್ನು ಮಾತ್ರ ಆರ್ಕೆಸ್ಟ್ರಾದವರ ಗಿಟಾರಿನಿಂದಲೇ ಅಳೆದಿದ್ದೆ, ಅದು ಬಚಾವ್.

ಪಾಟ್ 250ಕೆ (ಕಿಲೊ ಓಮ್) ಬೇಕಿತ್ತು. ರೇಡಿಯೊ ರಿಪೇರಿ ಅಂಗಡಿಯಲ್ಲಿ 100ಕೆ ಸಿಕ್ಕಿತು, ಹಾಕಿ ನೋಡಿದೆ. ಗಿಟಾರಿಗೆ ಕಂಬಳಿ ಹೊದಿಸಿದ ಹಾಗಾಯಿತು. ತೆಗೆದು 250ಕೆ ತರಿಸಿದೆ. ಟೋನಿಗೆ ಹಾಕುವ 0.047 ಮೈಕ್ರೊಫ್ಯಾರಡ್ ಕೆಪಾಸಿಟರ್ ಅದೇ ಅಂಗಡಿಯಲ್ಲಿ ಸಿಕ್ಕಿತು. ಮೇಲೆ 473 ಅಂತ ಬರೆದಿರುತ್ತದೆ, ಕೆಲವೇ ರೂಪಾಯಿ. ಗಿಟಾರಿನದೇ ವಿಶೇಷ ಅಂತ ನೂರಾರು ರೂಪಾಯಿಗೆ ಮಾರುವುದೂ ಅದೇ ಕೆಲಸ ಮಾಡುತ್ತದೆ. ಬ್ರಿಡ್ಜಿನಿಂದ ಅರ್ತ್ ವೈರ್ ಎಳೆಯುವುದನ್ನು ಮರೆಯಬೇಡಿ.

ಬಿದರಿ ಕೆಲಸ ಮಾಡುವ ಗೆಳೆಯ ಪಿಕಪ್ಪಿಗೆ ಬೆಳ್ಳಿ ಹೂವಿನ ಮುಚ್ಚಳ ಮಾಡಿಕೊಡುತ್ತೇನೆ ಅಂತ ಹಟ ಹಿಡಿದ. ಬಿದರಿ ಲೋಹ ಸತು ಮತ್ತು ತಾಮ್ರದ್ದು, ಆಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ಬೇಡ ಅಂದೆ. ಸುರುಳಿಯ ಮೇಲೆ ದಪ್ಪ ಲೋಹ ಕೂತರೆ ಅದರಲ್ಲೇ ಕರೆಂಟು ಸುತ್ತಿ ಮೇಲಿನ ಸ್ವರಗಳು ಮೊಂಡಾಗುತ್ತವೆ. ನಾಬುಗಳ ಕೆಳಗಿನ ತಟ್ಟೆ ಮಾಡಿಕೊಡು ಅಂದೆ. ಮಾಡಿಕೊಟ್ಟ. 900 ರೂಪಾಯಿ ಪಿಕಪ್ಪಿನ ಪಕ್ಕ ಅದು ಜರಿ ಸೀರೆ ಉಟ್ಟ ಹಾಗೆ ಕಾಣುತ್ತದೆ.

ಕೊನೆಗೆ ಎತ್ತರ. ಜಾಸ್ತಿ ಸದ್ದಿಗಾಗಿ ಪಿಕಪ್ಪನ್ನು ತಂತಿಗೆ ತೀರಾ ಹತ್ತಿರ ಏರಿಸಿದ್ದೆ. ಆಯಸ್ಕಾಂತ ತಂತಿಯನ್ನೇ ಎಳೆದು ಇ ತಂತಿಯ ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ನಡುಗತೊಡಗಿತು. ಕೊನೆಯ ಫ್ರೆಟ್ ಒತ್ತಿ ಹಿಡಿದು ಸುಮಾರು 3 ಮಿ.ಮೀ. ಬಿಟ್ಟೆ, ನಿಂತಿತು. ಜಿ ತಂತಿ ಮೆಲ್ಲಗಿತ್ತು, ಆ ತುಂಡನ್ನಷ್ಟೇ ಸ್ಕ್ರೂ ಬಿಚ್ಚಿ ಸ್ವಲ್ಪ ಏರಿಸಿದೆ.

ಮೊದಲ ಭಾನುವಾರ ಚರ್ಚಿನಲ್ಲಿ ಕೇಬಲ್ ಚುಚ್ಚಿ ನಿಂತೆ. ಟ್ಯೂಬ್‌ಲೈಟು, ಫ್ಯಾನು ಎಲ್ಲ ಚಾಲೂ. ಸೌಂಡ್ ನೋಡುವ ಹುಡುಗ ನನ್ನ ಚಾನೆಲ್ಲನ್ನು ಏರಿಸುತ್ತಲೇ ಇದ್ದ. ಕೊನೆಗೆ ಎದ್ದು ಬಂದು ಕಿವಿಯಲ್ಲಿ ಕೇಳಿದ, "ಅಣ್ಣಾ, ವೈರ್ ಹಾಕೀರೇನ್ರಿ? ಗುಂಯ್ ಅನ್ನವಲ್ದು."