ಗೇರ್‌ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ

"ಗೇರ್‌ಬಾಕ್ಸ್ ಹೋಗೈತ್ರಿ, ಇಳಸಬೇಕು." ಕೊಪ್ಪಳದಲ್ಲಿ ನಮ್ಮ ಭಾವನಿಗೆ ಗ್ಯಾರೇಜಿನವರು ಹೇಳಿದ್ದು ಇಷ್ಟೇ. ಎಲ್ಲ ಗೇರೂ ಕರ್ ಕರ್ ಎನ್ನುತ್ತಿದ್ದವು. ರಿವರ್ಸ್ ಅಂತೂ ಬೀಳುತ್ತಲೇ ಇರಲಿಲ್ಲ. ಭಾವ ಒಪ್ಪಿದರು. ಬಾಕ್ಸ್ ಇಳಿಸಿ, ಬೇರಿಂಗು, ರಿಂಗು ಎಲ್ಲ ಹೊಸದು ಹಾಕಿದರು. ಗಾಡಿ ಮನೆಗೆ ಬಂದ ಮೇಲೂ ಅದೇ ಕರ್ ಕರ್.

ನಾನು ಹೋಗಿ ಬಗ್ಗಿ ನೋಡಿದೆ. ಗೇರ್‌ಬಾಕ್ಸ್ ಪಕ್ಕದಲ್ಲಿ ಹೆಬ್ಬೆರಳು ದಪ್ಪದ ಒಂದು ಕ್ಲಚ್ ಸಿಲಿಂಡರ್ ಇರುತ್ತದೆ, ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವುದು ಅದೇ. ಅದರ ರಬ್ಬರ್ ಟೋಪಿ ಒದ್ದೆಯಾಗಿತ್ತು. ಸುತ್ತ ಕೆಂಪು ಧೂಳು ಮೆತ್ತಿಕೊಂಡು ಕುಂಕುಮ ಕಲಸಿದ ಹಾಗೆ ಕಾಣುತ್ತಿತ್ತು. ಆ ಸಿಲಿಂಡರ್ ಬದಲಿಸಿ, ಪೈಪಿನೊಳಗಿನ ಗಾಳಿ ತೆಗೆದ ಮೇಲೆ ಗೇರ್‌ಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿದ್ದವು. ಬಾಕ್ಸ್‌ಗೆ ಏನೂ ಆಗಿರಲಿಲ್ಲ.

ಇಂಥದ್ದನ್ನು ನಮ್ಮ ಕಡೆ ಬಹಳ ಸಲ ನೋಡಿದ್ದೇನೆ. ತಪ್ಪು ಕ್ಲಚ್‌ನದು, ಬಿಲ್ಲು ಗೇರ್‌ಬಾಕ್ಸ್‌ನದು. ಗ್ಯಾರೇಜಿಗೆ ಹೋಗುವ ಮುಂಚೆ ಮನೆ ಮುಂದೆ ಅರ್ಧ ಗಂಟೆ ಕೊಟ್ಟರೆ ಎರಡರಲ್ಲಿ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲು ನೆಲ

ರಾತ್ರಿ ಗಾಡಿ ನಿಲ್ಲಿಸುವಾಗ ಇಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಕಲೆ ನೋಡಿ. ಕಪ್ಪಗಿದ್ದರೆ ಇಂಜಿನ್ ಆಯಿಲ್. ಕಂದು ಹಳದಿ ಬಣ್ಣ, ದಪ್ಪ, ಮೂಸಿದರೆ ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್. ನೀರಿನ ಹಾಗೆ ತೆಳ್ಳಗೆ, ಮುಟ್ಟಿದರೆ ಜಾರುವಂತಿದ್ದರೆ ಬ್ರೇಕ್ ಅಥವಾ ಕ್ಲಚ್ ಆಯಿಲ್. ಕೆಂಪಾಗಿದ್ದರೆ ಆಟೋಮ್ಯಾಟಿಕ್ ಗಾಡಿಯ ಆಯಿಲ್ ಇರಬಹುದು. ಎಸಿಯಿಂದ ಇಳಿದ ಬರೀ ನೀರಾದರೆ ಬಿಟ್ಟುಬಿಡಿ.

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಒಂದು ಅನುಕೂಲ ಇದೆ. ಅದಿರಿನ ಧೂಳು ಒಣಗಿದ ಜಾಗದಲ್ಲಿ ಉದುರಿಹೋಗುತ್ತದೆ, ಒದ್ದೆ ಜಾಗದಲ್ಲಿ ಕೆಸರಿನ ಹಾಗೆ ಅಂಟಿಕೊಳ್ಳುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿ. ಧೂಳು ಎಲ್ಲಿ ದಪ್ಪಗೆ ಕೂತಿದೆಯೋ ಅಲ್ಲೇ ಸೋರಿಕೆ. ಹೆಚ್ಚಾಗಿ ಸಿಗುವ ಜಾಗ ಆಕ್ಸಲ್ ಗೇರ್‌ಬಾಕ್ಸ್ ಒಳಗೆ ಹೋಗುವ ಕಡೆ. ಅಲ್ಲಿ ಒಂದು ಆಯಿಲ್ ಸೀಲ್ ಇರುತ್ತದೆ. ಅದು ಕಡಿಮೆ ಬೆಲೆಯ ಸಾಮಾನು. ಆದರೆ ಅದನ್ನು ಹಾಕಿಸದೆ ಓಡಿಸಿದರೆ ಆಯಿಲ್ ಖಾಲಿಯಾಗಿ ಬಾಕ್ಸ್ ಒಳಗಿನ ಹಲ್ಲುಗಳೇ ತಿಂದುಹೋಗುತ್ತವೆ.

ಇಂಜಿನ್ ಆಫ್ ಮಾಡಿ ಗೇರ್ ಹಾಕಿ

ಜನ ಎಡವುವುದು ಈ ಹೆಜ್ಜೆಯಲ್ಲಿ. ನಿಧಾನವಾಗಿ ಓದಿ.

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಂಜಿನ್ ಆಫ್ ಇರುವಾಗ ಕ್ಲಚ್ ಒತ್ತಿ, ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಒಂದೊಂದಾಗಿ ಹಾಕಿ ನೋಡಿ. ಈಗ ಇಂಜಿನ್ ಸ್ಟಾರ್ಟ್ ಮಾಡಿ, ಗಾಡಿ ನಿಂತಲ್ಲೇ ಇರಲಿ, ಮತ್ತೆ ಅದೇ ಮಾಡಿ.

ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಆದ ಮೇಲೆ ಬಿಗಿ ಅಂದರೆ ತಪ್ಪು ಕ್ಲಚ್‌ನದು. ನೀವು ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಪ್ಲೇಟ್ ಇಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ, ಇಂಜಿನ್ ಇನ್ನೂ ಬಾಕ್ಸ್ ಒಳಗಿನ ಗೇರನ್ನು ಸ್ವಲ್ಪ ತಿರುಗಿಸುತ್ತಲೇ ಇದೆ. ತಿರುಗುವ ಗೇರ್‌ಗೆ ಹಲ್ಲು ಹೇಗೆ ಕೂಡಬೇಕು ಹೇಳಿ? ಎರಡೂ ಹೊತ್ತು ಬಿಗಿಯಾಗಿದ್ದರೆ ಗೇರ್ ಲಿವರಿನ ಕೇಬಲ್ಲು, ಬುಷ್ಷು ನೋಡಿಸಿ. ಅವು ಸರಿಯಿದ್ದರೆ ಮಾತ್ರ ಬಾಕ್ಸ್ ಮೇಲೆ ಅನುಮಾನ ಪಡಬೇಕು.

ಇದನ್ನು ಖಚಿತ ಮಾಡಿಕೊಳ್ಳಲು ರಿವರ್ಸ್ ಗೇರೇ ಸಾಕ್ಷಿ. ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ರಿಂಗ್ ಇರುವುದಿಲ್ಲ. ಅಂದರೆ ತಿರುಗುವ ಗೇರನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಇಂಜಿನ್ ಓಡುತ್ತಿರಲಿ, ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಐದು ಎಣಿಸುವಷ್ಟರಲ್ಲಿ ಒಳಗಿನ ತಿರುಗಾಟ ನಿಂತಿರಬೇಕು. ಅಷ್ಟಾದರೂ ಕರ್ ಎಂದರೆ ಕ್ಲಚ್ ಬಿಡುತ್ತಿಲ್ಲ ಎಂದೇ ಅರ್ಥ.

ಈಗ ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿ, ಮತ್ತೆ ರಿವರ್ಸ್ ಹಾಕಿ. ಈ ಸಲ ಸಲೀಸಾಗಿ ಬಿದ್ದರೆ ಆಯಿಲ್ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಆಯಿಲ್ ಕಡಿಮೆಯಾಗಿದೆ. ಬಾನೆಟ್ ಎತ್ತಿ ಡಬ್ಬಿ ನೋಡಿ. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಮಟ್ಟ ಇಳಿದಿದ್ದರೆ ಸುಮ್ನೆ ತುಂಬಿಸಿ ಬಿಡಬೇಡಿ. ಆ ಆಯಿಲ್ ಎಲ್ಲೋ ಹೋಗಿದೆ, ಅದನ್ನು ಹುಡುಕಿ. ಭಾವನ ಗಾಡಿಯಲ್ಲಿ ಹೊರಗೆ ಕಾಣುವ ಸಿಲಿಂಡರ್ ಇತ್ತು. ಕೆಲವು ಗಾಡಿಗಳಲ್ಲಿ ಅದು ಬಾಕ್ಸ್ ಒಳಗೇ ಕೂತಿರುತ್ತದೆ, ಹೊರಗೆ ಕಾಣುವುದಿಲ್ಲ. ಆಗ ಇಂಜಿನ್ ಮತ್ತು ಬಾಕ್ಸ್ ಕೂಡುವ ಜಾಗದ ತಳದಲ್ಲಿ ಒದ್ದೆ ಇದೆಯಾ ನೋಡಿ.

ಕೇಬಲ್ ಕ್ಲಚ್ ಇರುವ ಹಳೇ ಸಣ್ಣ ಕಾರುಗಳಲ್ಲಿ ಇನ್ನೂ ಸುಲಭ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಬಿಗಿ ಹಿಡಿಯುವ ಮುಂಚೆ ಒಂದು ಬೆರಳಿನ ದಪ್ಪದಷ್ಟು ಸಡಿಲ ಇರಬೇಕು. ಸಡಿಲ ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರ್ ಎನ್ನುತ್ತದೆ. ಸಡಿಲವೇ ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ, ಜಾರುತ್ತದೆ. ಎರಡಕ್ಕೂ ಮದ್ದು ಕೇಬಲ್ ತುದಿಯ ಒಂದು ನಟ್.

ಇನ್ನೊಂದು ಮಾತು. ಇಂಜಿನ್ ಓಡುವಾಗ ಮಾತ್ರ ಎಲ್ಲ ಗೇರಿಗೂ ತೊಂದರೆ ಇದ್ದರೆ ಕ್ಲಚ್. ರಿವರ್ಸ್ ಬಿಟ್ಟು ಬೇರೆ ಒಂದೇ ಗೇರಿಗೆ, ಅದರಲ್ಲೂ ಓಡುವಾಗ ಎರಡನೆಯದಕ್ಕೆ ಮಾತ್ರ ಕರ್ ಎಂದರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿದೆ, ಅದು ಬಾಕ್ಸ್ ಒಳಗಿನ ಕೆಲಸವೇ. ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಎರಡನೇ ಗೇರ್ ಸ್ವಲ್ಪ ಬಿಗಿ ಅನಿಸಿದರೆ ಗಾಬರಿ ಬೇಡ, ಆಯಿಲ್ ಬಿಸಿಯಾಗುವವರೆಗೆ ಹಾಗೇ.

ಕಿವಿಗೊಟ್ಟು ಕೇಳಿ

ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ, ಎಸಿ, ರೇಡಿಯೋ ಆಫ್. ಕ್ಲಚ್ ಮೇಲಿನಿಂದ ಕಾಲು ತೆಗೆದಾಗ ಗುಂಯ್ ಎನ್ನುವ ಸದ್ದು ಇದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್. ಕಾಲು ತೆಗೆದಾಗ ಇಂಜಿನ್ ಜೊತೆ ಆ ಬೇರಿಂಗ್ ಹೊತ್ತ ಶಾಫ್ಟ್ ತಿರುಗುತ್ತದೆ, ಒತ್ತಿದಾಗ ನಿಲ್ಲುತ್ತದೆ, ಅದಕ್ಕೆ. ಇದಕ್ಕೆ ಉಲ್ಟಾ, ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್, ಅಂದರೆ ಕ್ಲಚ್ ಸೆಟ್ಟಿನ ಸಾಮಾನು.

ಓಡುವಾಗ ಎಲ್ಲ ಗೇರಿನಲ್ಲೂ ಹೂಂಕರಿಸುವ ಸದ್ದು ಬಂದು, ಸ್ಟೇರಿಂಗ್ ಎಡಕ್ಕೋ ಬಲಕ್ಕೋ ಎಳೆದಾಗ ಹೆಚ್ಚು ಕಡಿಮೆಯಾದರೆ ಅದು ಚಕ್ರದ ಬೇರಿಂಗ್. ಪೂರ್ತಿ ಕಟ್ ಹೊಡೆದಾಗ ಟಕ್ ಟಕ್ ಎಂದರೆ ಆಕ್ಸಲ್ ಜಾಯಿಂಟ್. ಗಂಗಾವತಿ, ಸಿಂಧನೂರು ಕಡೆ ಗದ್ದೆ ದಾರಿಯಲ್ಲಿ ಓಡುವವರು ಆ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆಯಾ ಅಂತ ತಿಂಗಳಿಗೊಮ್ಮೆ ನೋಡಲೇಬೇಕು. ಹರಿದರೆ ಗ್ರೀಸ್ ಹೊರಗೆ ಹಾರುತ್ತದೆ, ಕೆಸರು ಒಳಗೆ ಸೇರುತ್ತದೆ.

ಆಕ್ಸಲರೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತಿದ್ದರೆ ಮೊದಲು ಇಂಜಿನ್ ಮೌಂಟಿಂಗ್ ನೋಡಿಸಿ. ಮೌಂಟಿಂಗಿನ ರಬ್ಬರ್ ಒಡೆದಿದ್ದರೆ ಇಂಜಿನ್ ಅಲ್ಲಾಡಿ ಗೇರನ್ನು ಎಳೆದುಬಿಡುತ್ತದೆ.

ಕ್ಲಚ್ ಜಾರುತ್ತಿದೆಯಾ?

ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 40ರ ವೇಗ. ಆಕ್ಸಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಹೆಚ್ಚಾಗಿ ಪ್ಲೇಟ್ ಸವೆದಿರುತ್ತದೆ. ಈ ಪರೀಕ್ಷೆಯನ್ನು ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ಅದಿರು ಲಾರಿಗಳ ನಡುವೆ ಮಾತ್ರ ಮಾಡಬೇಡಿ.

ಕ್ಲಚ್ ಸುಡುವುದು ಹೆಚ್ಚಾಗಿ ಎರೆ ಹೊಲದಲ್ಲಿ. ಮಳೆ ಬಿದ್ದ ಮೇಲೆ ಎರೆಮಣ್ಣಿನಲ್ಲಿ ಚಕ್ರ ಹೂತರೆ ನಮ್ಮವರು ಹಾಫ್ ಕ್ಲಚ್‌ನಲ್ಲಿ ಇಂಜಿನ್ ಕಿರುಚಿಸುತ್ತಾರೆ. ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂತೆಂದರೆ ತಕ್ಷಣ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರದ ಮುಂದೆ ಮಣ್ಣು ತೆಗೆದು ಗೋಣಿಚೀಲವೋ ಭತ್ತದ ಹುಲ್ಲೋ ಹಾಕಿ. ಎರಡನೇ ಗೇರಿನಲ್ಲಿ, ಕ್ಲಚ್ ಪೂರ್ತಿ ಬಿಟ್ಟು, ಮೆಲ್ಲಗೆ ಎಬ್ಬಿಸಿ. ಆಗದಿದ್ದರೆ ಟ್ರ್ಯಾಕ್ಟರ್ ಕರೆಯಿರಿ. ಟ್ರ್ಯಾಕ್ಟರಿನವರಿಗೆ ಕೊಡುವ ದುಡ್ಡು ಕ್ಲಚ್ ಸೆಟ್ಟಿನ ಮುಂದೆ ಏನೂ ಅಲ್ಲ.

ಗೇರ್ ಆಯಿಲ್

ಇಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ. ಗೇರ್ ಆಯಿಲ್ ನೆನಪಾಗುವುದೇ ಇಲ್ಲ. ಗಾಡಿಯ ಪುಸ್ತಕದಲ್ಲಿ ಎಷ್ಟು ಕಿಲೋಮೀಟರ್ ಬರೆದಿದ್ದರೂ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರು, ಬಳ್ಳಾರಿಯಲ್ಲಿ 40,000 ಕಿಲೋಮೀಟರಿಗೊಮ್ಮೆ ಬದಲಿಸಿ ಎನ್ನುತ್ತೇನೆ. ಸಣ್ಣ ಕಾರುಗಳಿಗೆ ಎರಡು ಲೀಟರ್ ಆಸುಪಾಸು ಬೇಕಾಗುತ್ತದೆ.

ಸ್ವಂತ ಮಾಡುವವರು, ಮಾಡಿಸುವವರು ಇಬ್ಬರೂ ಇದನ್ನು ನೆನಪಿಡಿ: ಮೊದಲು ತುಂಬುವ ಬೋಲ್ಟ್ ಬಿಚ್ಚಬೇಕು, ಆಮೇಲೆ ಕೆಳಗಿನ ಬೋಲ್ಟ್. ಹಳೇ ಆಯಿಲ್ ಎಲ್ಲ ಬಸಿದು, ಆಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬರದಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ನನ್ನ ಕಣ್ಣೆದುರೇ ಆಗಿದೆ. ಆ ಗಾಡಿಯನ್ನು ಲಾರಿ ಮೇಲೆ ಹೇರಿಕೊಂಡು ಹೋದರು.

ಗಾಡಿ ಹತ್ತು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಬಸಿಯಿರಿ. ಕೆಳಗಿನ ಬೋಲ್ಟಿನ ತುದಿಯಲ್ಲಿ ಎಷ್ಟೋ ಗಾಡಿಗಳಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿ. ಕಾಡಿಗೆಯ ಹಾಗೆ ನುಣುಪಾಗಿದ್ದರೆ ಅದು ಮಾಮೂಲಿ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ, ಅದರಲ್ಲೂ ಹಲ್ಲಿನ ತುಣುಕು ಸಿಕ್ಕರೆ, ಆಗ ಬಾಕ್ಸ್ ಬಿಚ್ಚುವುದು ನ್ಯಾಯ. ಬಹಳಷ್ಟು ಗಾಡಿಗಳಲ್ಲಿ ತುಂಬುವ ತೂತಿನಿಂದ ಆಯಿಲ್ ಹೊರಗೆ ತುಳುಕುವವರೆಗೆ ಹಾಕಿದರೆ ಮಟ್ಟ ಸರಿ. ಗಾಡಿ ಮಾತ್ರ ಓರೆಯಾಗಿ ನಿಂತಿರಬಾರದು.

ಯಾವ ಆಯಿಲ್? ಪುಸ್ತಕದಲ್ಲಿ ಗೇರ್ ಆಯಿಲಿನ ದರ್ಜೆ ಜಿಎಲ್-4 ಅಂತಿದ್ದರೆ ಜಿಎಲ್-4. "ಜಿಎಲ್-5 ಇನ್ನೂ ಚಲೋ, ನಂಬರ್ ದೊಡ್ಡದಲ್ವಾ" ಎಂದು ಅಂಗಡಿಯವರು ಕೊಡುತ್ತಾರೆ, ತಗೋಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಹಿತ್ತಾಳೆಯ ಸಿಂಕ್ರೋ ರಿಂಗನ್ನು ಅದು ತಿನ್ನಬಹುದು. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲ್ ಬೇಡವೇ ಬೇಡ. ಗೇರ್ ಸದ್ದು ನಿಲ್ಲಿಸುತ್ತದೆ ಎಂದು ಮಾರುವ ಸಣ್ಣ ಡಬ್ಬಿಗಳನ್ನೂ ಮುಟ್ಟಬೇಡಿ, ಸವೆದ ಲೋಹ ಮತ್ತೆ ಬೆಳೆಯುವುದಿಲ್ಲ. ಹಳೇ ಗಾಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಸದ್ದು ಮುಚ್ಚಲು ಬೇಕೆಂದೇ ದಪ್ಪ ಆಯಿಲ್ ಹಾಕಿ ಮಾರುವವರು ಇದ್ದಾರೆ. ಆದ್ದರಿಂದ ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಆಯಿಲ್ ಕಾದು ತೆಳುವಾದ ಮೇಲೆ ಕಿವಿಗೊಡಿ.

ಆಟೋಮ್ಯಾಟಿಕ್ ಇದ್ದವರಿಗೆ

ಆಟೋಮ್ಯಾಟಿಕ್ ಎಂದು ಮಾರುವ ಸಣ್ಣ ಕಾರುಗಳಲ್ಲಿ ಬಹಳಷ್ಟು ಎಎಂಟಿ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ಒತ್ತುವ ಕೆಲಸ ಮಾತ್ರ ಮಷಿನ್ ಮಾಡುತ್ತದೆ. ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಲರೇಟರಿನಿಂದಲೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತದೆ. ಎಎಂಟಿಯಲ್ಲಿ ಗೇರ್ ಬೀಳದಿದ್ದರೆ ಮೊದಲು ಬ್ಯಾಟರಿ ನೋಡಿಸಿ. ಬ್ಯಾಟರಿ ಸೊರಗಿದರೂ ಈ ತೊಂದರೆ ಬರುತ್ತದೆ.

ಕ್ಲಚ್ ಬದಲು ಆಯಿಲ್ ಮೂಲಕ ಎಳೆಯುವ ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಡಿ (ಡ್ರೈವ್) ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ತಡವಾಗಿ ಧಡ್ ಎಂದು ಎಳೆದರೆ, ಕೆಂಪು ಆಯಿಲ್ ಕಂದಾಗಿ ಸುಟ್ಟ ವಾಸನೆ ಬಂದರೆ, ತಡ ಮಾಡಬೇಡಿ. ಗೇರುಗಳ ಬದಲು ಬೆಲ್ಟ್ ಇರುವ ಸಿವಿಟಿ ಗಾಡಿಗೆ ಅದರದ್ದೇ ಆಯಿಲ್ ಬೇಕು, ಬೇರೆಯದು ಒಂದು ಲೋಟವೂ ಬೇಡ. ಆಯಿಲನ್ನು ತಂಪು ಮಾಡುವ ಕೆಲಸ ಎಷ್ಟೋ ಗಾಡಿಗಳಲ್ಲಿ ರೇಡಿಯೇಟರಿನದೇ. ಅಲ್ಲಿಗೆ ಬೋರ್‌ವೆಲ್ ನೀರು ಹಾಕಿದರೆ ನಮ್ಮ ಕಡೆಯ ಗಡಸು ನೀರಿನ ಉಪ್ಪು ಕಟ್ಟಿ ರೇಡಿಯೇಟರ್ ಜೊತೆ ಗೇರ್‌ಬಾಕ್ಸೂ ಕಾಯುತ್ತದೆ. ಕೂಲೆಂಟ್ ಮಾತ್ರ ಹಾಕಿ. ನಿಲ್ಲಿಸುವಾಗ ಮೊದಲು ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕ್, ಕೊನೆಗೆ ಪಿ (ಪಾರ್ಕ್). ಪಿ ಹಾಕಿದಾಗ ಬಾಕ್ಸನ್ನು ಹಿಡಿದು ನಿಲ್ಲಿಸುವುದು ಒಳಗಿನ ಒಂದು ಸಣ್ಣ ಕೊಂಡಿ, ಗಾಡಿಯ ಭಾರವೆಲ್ಲ ಅದರ ಮೇಲೆ ಬೀಳಬಾರದು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಲಾರಿ ಮೇಲೆ ಹೇರಿಸಿ.

ದಿನದ ಅಭ್ಯಾಸ

ಗೇರ್ ಲಿವರ್ ಮೇಲೆ ಕೈ ಇಟ್ಟುಕೊಂಡು ಓಡಿಸಬೇಡಿ, ಒಳಗೆ ಗೇರ್ ಸರಿಸುವ ಫೋರ್ಕ್ ಸವೆಯುತ್ತದೆ. ಕ್ಲಚ್ ಮೇಲೆ ಕಾಲು ಇಡಬೇಡಿ. ರೈಲ್ವೆ ಗೇಟಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಗ್ಯಾರೇಜಿನಲ್ಲಿ

"ಗೇರ್ ಸರಿಯಿಲ್ಲ" ಎನ್ನಬೇಡಿ. "ಇಂಜಿನ್ ಆಫ್ ಇದ್ದಾಗ ಸರಿ ಬೀಳುತ್ತೆ, ಸ್ಟಾರ್ಟ್ ಆದ್ರೆ ರಿವರ್ಸ್ ಕರ್ ಅನ್ನುತ್ತೆ, ಪೆಡಲ್ ನಾಲ್ಕು ಸಲ ಹೊಡೆದ್ರೆ ಸರಿಯಾಗುತ್ತೆ" ಎಂದು ನೀವು ಕಂಡದ್ದನ್ನೇ ಹೇಳಿ. ನಿಜವಾಗಿಯೂ ಬಾಕ್ಸ್ ಇಳಿಸಲೇಬೇಕಾದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಎದುರಿಗೆ ತೆಗೆಸಿ ನೋಡಿ. ಸವೆದಿದ್ದರೆ ಆಗಲೇ ಸೆಟ್ ಹಾಕಿಸಿಬಿಡಿ, ಇಳಿಸುವ ಕೂಲಿ ಎರಡನೇ ಸಲ ಕೊಡುವುದು ತಪ್ಪುತ್ತದೆ. ಇಂಜಿನ್ನಿನ ಹಿಂದಿನ ಆಯಿಲ್ ಸೀಲ್ ಕೂಡ ಅದೇ ಹೊತ್ತಿಗೆ ನೋಡಿಸಿ, ಅಲ್ಲಿಂದ ಸೋರುವ ಆಯಿಲ್ ಹೊಸ ಪ್ಲೇಟಿಗೆ ತಾಗಿದರೆ ಅದೂ ಜಾರಲು ಶುರು ಮಾಡುತ್ತದೆ. ಹಳೇ ಸಾಮಾನನ್ನು ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ತನ್ನಿ.