ಮೂವತ್ತು ಮರಿ, ಕಕ್ಕಡದ ಮಳೆ, ನಡುವೆ ಒಂದು ಬಲೆ

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ತೋಟ. ಮನೆ ಹಿಂದೆ ಹತ್ತು ಹನ್ನೆರಡು ನಾಟಿ ಕೋಳಿ ಮೊದಲಿನಿಂದಲೂ ಇವೆ. ಕಾವಿಗೆ ಕೂತ ಹೇಂಟೆಯೇ ಮರಿಗಳನ್ನ ನೋಡಿಕೊಳ್ಳುತ್ತಿತ್ತು, ನಾವು ಸಂಜೆ ಬುಟ್ಟಿ ಕವುಚಿದರೆ ಮುಗೀತು. ತಾಯಿಯಿಲ್ಲದ ಮರಿ ಸಾಕೋದು ಬೇರೆಯೇ ವಿದ್ಯೆ ಅಂತ ಗೊತ್ತಾಗಿದ್ದು ಒಂದು ದಿನದ 30 ಗಿರಿರಾಜ ತಳಿಯ ಮರಿ ತಂದಾಗ. ಅದೂ ಜೂನ್ ಕೊನೆಯಲ್ಲಿ! ಈಗ ಯಾರಾದರೂ ಮಳೆಗಾಲದಲ್ಲಿ ಮರಿ ತರ್ತೀನಿ ಅಂದರೆ ಬೇಡ ಅಂತಲೇ ಹೇಳುತ್ತೇನೆ.

ತಂದ ದಿನ ಬೆಲ್ಲದ ನೀರು ಕುಡಿಸಿ, ಉಗ್ರಾಣದ ಮೂಲೆಯಲ್ಲಿ ರಟ್ಟು ಸುತ್ತಿ, ಭತ್ತದ ಹೊಟ್ಟು ಹಾಸಿ, ಎರಡು ಬಲ್ಬ್ ಇಳಿಬಿಟ್ಟೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರ್ ತಂದಿದ್ದೆ, ಆದರೆ ನಿಜವಾಗಿ ಹೇಳೋದು ಮರಿಗಳೇ: ಬಲ್ಬ್ ಕೆಳಗೆ ಗುಂಪಾಗಿ ಕಿರುಚಿದರೆ ಚಳಿ, ಅಂಚಿಗೆ ಹೋಗಿ ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ.

ಮೂರನೇ ರಾತ್ರಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಯಿತು. ನಾನು ಎಚ್ಚರವಾಗುವಷ್ಟರಲ್ಲಿ ಬೆಳಗಾಗಿತ್ತು. ಚಳಿಗೆ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದ ಒಂಬತ್ತು ಉಸಿರುಕಟ್ಟಿ ಸತ್ತಿದ್ದವು. ಅವತ್ತಿಂದ ಕರೆಂಟು ಹೋದರೆ ಹಳೇ ಮಡಕೆಗೆ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, ಸುತ್ತ ತಂತಿ ಬಲೆ ಕಟ್ಟಿ ಇಡುತ್ತೇನೆ. ಕಿಟಕಿ ಮಾತ್ರ ತೆರೆದೇ ಇರಬೇಕು, ಇಲ್ಲದಿದ್ದರೆ ಕೆಂಡದ ಗಾಳಿಯೇ ಕೊಲ್ಲುತ್ತದೆ.

ಏಳನೇ ದಿನ ಕೊಕ್ಕರೆ ರೋಗ (ರಾಣಿಖೇತ್) ತಡೆಯೋ ಲಸೋಟ ಲಸಿಕೆಯನ್ನ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಂದು ಕಣ್ಣಿಗೆ ಹನಿಸಿದ್ದಾಯಿತು.

ಕಕ್ಕಡ ಬಂತು, ಅಂದರೆ ಜುಲೈ ನಡುವಿನಿಂದ ಶುರುವಾಗೋ ಜೋರು ಮಳೆಯ ತಿಂಗಳು. ನೀರಿನ ಪಾತ್ರೆ ಸುತ್ತ ಹೊಟ್ಟು ಒದ್ದೆಯಾಗಿ ಗಟ್ಟಿಯಾಯಿತು. ನಾಲ್ಕನೇ ವಾರ ಹಿಕ್ಕೆಯಲ್ಲಿ ರಕ್ತ. ಪಶು ಆಸ್ಪತ್ರೆಯಲ್ಲಿ ಬರೆದುಕೊಟ್ಟ ಔಷಧಿಯನ್ನ ನೀರಿಗೆ ಬೆರೆಸಿದರೂ ನಾಲ್ಕು ಹೋದವು. ಪಾತ್ರೆಯನ್ನ ಇಟ್ಟಿಗೆ ಮೇಲೆ ಎತ್ತರಿಸಿ, ದಿನಾ ಹೊಟ್ಟು ಕೆದಕಿ, ಒದ್ದೆಯಾದದ್ದನ್ನ ಆಗಾಗ್ಗೆ ತೆಗೆದು ಹಾಕಿದ ಮೇಲೆಯೇ ಭೇದಿ ನಿಂತಿದ್ದು. ನಮ್ಮ ಊರಲ್ಲಿ ಮರಿಗೆ ಚಳಿಗಿಂತ ತೇವದ ಭಯ ಜಾಸ್ತಿ.

ಉಳಿದ 17 ಮರಿಗೆ ಏಳು ವಾರ ತುಂಬಿತ್ತು. ದೊಡ್ಡದಾದವಲ್ಲ ಅಂತ ಒಂದು ಮಧ್ಯಾಹ್ನ ನೇರ ಹಳೇ ಕೋಳಿಗಳ ನಡುವೆ ಬಿಟ್ಟೆ. ಕಪ್ಪು ಹೇಂಟೆ ಒಂದರ ತಲೆ ಕುಕ್ಕಿತು. ರಕ್ತ ಕಂಡದ್ದೇ ತಡ, ಉಳಿದವೂ ಅದೇ ಜಾಗಕ್ಕೆ ಕುಕ್ಕೋಕೆ ಶುರು. ಎತ್ತಿಕೊಂಡು ಬಂದು ಅರಿಶಿನ ಹಚ್ಚುತ್ತಿದ್ದರೆ ಅವ್ವ, "ಅತ್ತೆ ಇರೋ ಮನೆಗೆ ಹೇಳದೆ ಕೇಳದೆ ಹದಿನೇಳು ಸೊಸೇರನ್ನ ನುಗ್ಗಿಸಿದ್ರೆ ಇನ್ನೇನಾಗುತ್ತೋ?" ಅಂದಳು.

ಮಾರನೇ ದಿನವೇ ಗೂಡಿನ ನಡುವೆ ಬಲೆ ಕಟ್ಟಿದೆ. ಎರಡೂ ಕಡೆಯ ಆಹಾರದ ತಟ್ಟೆಯನ್ನ ಬಲೆಗೆ ತಾಗಿಸಿಯೇ ಇಟ್ಟೆ, ಎದುರುಬದುರು ತಿಂದು ಮುಖಪರಿಚಯ ಆಗಲಿ ಅಂತ. ಮೊದಲೆರಡು ದಿನ ಹೇಂಟೆಗಳು ಬಲೆಯನ್ನೇ ಕುಕ್ಕಿದವು, ಆಮೇಲೆ ಬೇಸರವಾಗಿ ಬಿಟ್ಟವು. ಮೂರು ವಾರ ಹಾಗೇ ಇಟ್ಟೆ. ಆಮೇಲೆ ಒಂದು ರಾತ್ರಿ, ಎಲ್ಲ ನಿದ್ದೆಗೆ ಬಿದ್ದ ಮೇಲೆ, ಮರಿಗಳನ್ನ ಒಂದೊಂದಾಗಿ ತಂದು ಹಳೇ ಕೋಳಿಗಳ ಪಕ್ಕ ಕೋಲಿನ ಮೇಲೆ ಕೂರಿಸಿದೆ. ಬೆಳಿಗ್ಗೆ ಜಗಳ ಇರಲಿಲ್ಲ ಅಂತಲ್ಲ, ರಕ್ತ ಬರುವಷ್ಟು ಇರಲಿಲ್ಲ. ತಟ್ಟೆ ಎರಡಿದ್ದದ್ದನ್ನ ನಾಲ್ಕು ಮಾಡಿ, ಓಡಿ ಅವಿತುಕೊಳ್ಳಲಿ ಅಂತ ಗೋಡೆಗೆ ಹಲಗೆ ಒರಗಿಸಿದ್ದೆ. ಅದು ತುಂಬಾ ಕೆಲಸಕ್ಕೆ ಬಂತು.

ಇನ್ನೊಂದು ಮಾತು. ಮೊಟ್ಟೆ ಕೋಳಿಯ ಫೀಡ್ ಮರಿಗೆ ಹಾಕಬಾರದು. ಅದರಲ್ಲಿ ಸುಣ್ಣದಂಶ ಜಾಸ್ತಿ, ಎಳೇ ಮೂತ್ರಪಿಂಡ ತಡೆಯೋದಿಲ್ಲ. ಜೊತೆಗೆ ಬಿಟ್ಟ ಮೇಲೆ ಎಲ್ಲಕ್ಕೂ ಬೆಳೆಯೋ ಕೋಳಿಯ ಫೀಡ್ ಕೊಟ್ಟು, ಹೇಂಟೆಗಳಿಗೆ ಕಪ್ಪೆಚಿಪ್ಪಿನ ಪುಡಿಯನ್ನ ಬೇರೆ ಬಟ್ಟಲಲ್ಲಿ ಇಡುತ್ತೇನೆ.

ತಲೆ ಕುಕ್ಕಿಸಿಕೊಂಡ ಮರಿ ಇವತ್ತಿಗೂ ಗೂಡಿಗೆ ಬರಲ್ಲ, ಅಂಗಳದ ಕಿತ್ತಳೆ ಮರವೇ ಅದಕ್ಕೆ ಮನೆ. ಪುನುಗು ಬೆಕ್ಕಿನ ಭಯಕ್ಕೆ ದಿನಾ ಸಂಜೆ ಏಣಿ ಹಾಕಿ ಇಳಿಸೋದು ನನ್ನ ಕೆಲಸ.