ತಲೆ ತಿರುಗಲಿ ಅಂತಲೇ ಮಾಡಿದ ವ್ಯಾಯಾಮ

ಚಕ್ಕರ್ ಬರುತ್ತದೆ, ನಡೆದರೆ ಜೋಲಿ ಹೊಡೆಯುತ್ತದೆ ಅಂದರೆ ನಮ್ಮ ಕಲಬುರಗಿ ಕಡೆ ಎಲ್ಲರೂ ಹೇಳುವುದು ಒಂದೇ: ಮಲಗ್ರಿ, ಅಲುಗಾಡಬ್ಯಾಡ್ರಿ. ಮೊದಲ ಎರಡು ಮೂರು ದಿನಕ್ಕೆ ಆ ಮಾತು ಸರಿ. ಆಮೇಲೆ ಅದೇ ಮಾತು ನಮ್ಮನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ನಾನು ಮತ್ತೆ ನೆಟ್ಟಗೆ ನಡೆಯುವಂತಾಗಿದ್ದು ಯಾವುದರಿಂದ ತಲೆ ತಿರುಗುತ್ತಿತ್ತೋ ಅದನ್ನೇ ದಿನಾ ಸ್ವಲ್ಪ ಸ್ವಲ್ಪ ಮಾಡಿದ್ದರಿಂದ. ಹೇಗೆ ಮಾಡಿದೆ ಅಂತ ಬಿಡಿಸಿ ಬರೆಯುತ್ತೇನೆ. ಯಾರಿಗಾದರೂ ಬೇಕಾದೀತು.

ನಾನು ಪ್ರೈಮರಿ ಶಾಲೆ ಟೀಚರ್. ವಯಸ್ಸು ಐವತ್ತು ದಾಟಿದೆ. ಒಂದು ದಿನ ಬೆಳಿಗ್ಗೆ ಏಳುವಾಗಲೇ ಕೋಣೆ ಗಿರಗಿರ ಸುತ್ತತೊಡಗಿತು, ವಾಂತಿ ನಿಲ್ಲಲಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರ್ ನೋಡಿ, ಎಡಗಿವಿಯ ಒಳಗಿನಿಂದ ಮಿದುಳಿಗೆ ಹೋಗುವ ಸಮತೋಲನದ ನರಕ್ಕೆ ಊತ ಬಂದಿದೆ ಅಂದರು. ವೆಸ್ಟಿಬ್ಯುಲರ್ ನ್ಯೂರೈಟಿಸ್ ಅಂತ ಹೆಸರು. ಹೆಚ್ಚಾಗಿ ವೈರಸ್ಸಿನಿಂದ ಬರುತ್ತದಂತೆ. ಕಿವಿ ಕೇಳಿಸುವುದರಲ್ಲಿ ಏನೂ ತೊಂದರೆ ಇರಲಿಲ್ಲ. ಸುತ್ತು ಕೆಲವು ದಿನಗಳಲ್ಲಿ ಇಳಿಯಿತು. ಜೋಲಿ ಮಾತ್ರ ಉಳಿಯಿತು. ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗಿದರೆ, ಅವರ ಮುಖಗಳು ಒಂದು ಕ್ಷಣ ಜಾರಿ ಆಮೇಲೆ ಜಾಗಕ್ಕೆ ಬಂದು ನಿಲ್ಲುತ್ತಿದ್ದವು.

ನಾವು ಬೀಳದೆ ನಿಲ್ಲುವುದು ಮೂರರ ಬಲದಿಂದ. ಕಣ್ಣು, ಒಳಗಿವಿ, ಮತ್ತೆ ಪಾದ ಹಾಗೂ ಕೀಲುಗಳಿಂದ ಬರುವ ಸುದ್ದಿ. ಒಳಗಿವಿಯಲ್ಲಿ ಪ್ರತಿ ಕಡೆ ಮೂರು ಅರ್ಧಚಂದ್ರದಂಥ ಕೊಳವೆಗಳಿವೆ. ತಲೆ ತಿರುಗಿಸಿದಾಗ ಅವುಗಳೊಳಗಿನ ದ್ರವ ಅಲುಗಿ, ಯಾವ ಕಡೆಗೆ ಎಷ್ಟು ಜೋರಾಗಿ ತಿರುಗಿತು ಅಂತ ಮಿದುಳಿಗೆ ತಿಳಿಯುತ್ತದೆ. ಎರಡೂ ಕಿವಿ ಜೋಡೆತ್ತುಗಳಂತೆ. ಒಂದು ಸೊರಗಿದರೆ ಬಂಡಿ ಆ ಕಡೆಗೇ ಎಳೆಯುತ್ತದೆ. ನನಗೂ ಎಡಕ್ಕೇ ಎಳೆಯುತ್ತಿತ್ತು. ಸಮಾಧಾನದ ವಿಷಯ ಏನೆಂದರೆ, ನರ ಪೂರ್ತಿ ವಾಸಿಯಾಗದಿದ್ದರೂ ಮಿದುಳು ಈ ಹೊಸ ಲೆಕ್ಕವನ್ನು ಕಲಿಯಬಲ್ಲದು. ಆದರೆ ಕಲಿಯಲು ಅದಕ್ಕೆ ತಪ್ಪು ಕಾಣಬೇಕು. ತಲೆಯನ್ನೇ ಅಲ್ಲಾಡಿಸದೆ ಕೂತರೆ ತಪ್ಪು ಎಲ್ಲಿಂದ ಕಾಣಬೇಕು? ಚಕ್ಕರ್ ತಡೆಯುವ ಮಾತ್ರೆಯೂ ಅಷ್ಟೇ. ಶುರುವಿನ ದಿನಗಳಲ್ಲಿ ಅದು ಬೇಕೇ ಬೇಕು. ವಾರಗಟ್ಟಲೆ ನುಂಗುತ್ತಿದ್ದರೆ ಈ ಕಲಿಕೆ ನಿಧಾನವಾಗುತ್ತದೆ. ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿಕೊಂಡು ನಾನು ಬೇಗನೆ ನಿಲ್ಲಿಸಿದೆ.

ಡಾಕ್ಟರ್ ನನ್ನನ್ನು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿಗೆ ನನ್ನ ಮಗಳ ವಯಸ್ಸು. ಕಣ್ಣು ಮುಚ್ಚಿಸಿ, ಕೈ ಮುಂದೆ ಚಾಚಿಸಿ, ನಿಂತಲ್ಲೇ ಹೆಜ್ಜೆ ಹಾಕಿಸಿದಳು. ನಾನು ಗೋಡೆಯ ಕ್ಯಾಲೆಂಡರ್ ಕಡೆ ಮುಖ ಮಾಡಿ ಶುರು ಮಾಡಿದ್ದೆ. ಕಣ್ಣು ಬಿಟ್ಟಾಗ ಎದುರಿಗೆ ಇದ್ದದ್ದು ಎಡಗಡೆಯ ಕಿಟಕಿ. ತಿರುಗಿದ್ದೇ ಗೊತ್ತಾಗಿರಲಿಲ್ಲ. ನಾನು ಗಾಬರಿಯಾದೆ. ಅವಳು ಮಾತ್ರ ಆರಾಮಾಗಿ ಹೇಳಿದಳು: "ಮೇಡಂ, ಚಕ್ಕರ್ ಬರತದ ಅಂತ ಅಂಜಿ ಕುಂದರಬ್ಯಾಡ್ರಿ. ಜರಾ ಬರ್ಲಿ ಅಂತನೇ ಮಾಡಸ್ತೀನಿ. ಜಾಸ್ತಿ ಬಂತಂದ್ರ ನಿಲ್ಲಸ್ರಿ."

ಈ ವ್ಯಾಯಾಮಗಳ ಬೇರು ಹಳೆಯದು. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ಡಾಕ್ಟರುಗಳು, ತಲೆಗೆ ಪೆಟ್ಟು ಬಿದ್ದು ತೂಗಾಡುತ್ತಿದ್ದವರಿಗೆ ಕಣ್ಣು, ತಲೆ, ಮೈ ಅಲುಗಿಸುವ ಕ್ರಮವೊಂದನ್ನು ಕಟ್ಟಿದರು. ಮಲಗಿ ಶುರು ಮಾಡಿ, ಕೂತು, ನಿಂತು, ಕಡೆಗೆ ನಡೆಯುವ ತನಕ.

ನನ್ನ ಮೊದಲ ಪಾಠ ಒಂದು ಅಕ್ಷರದ್ದು. ಚೀಟಿಯ ಮೇಲೆ ದಪ್ಪಗೆ "ಕ" ಬರೆದು ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿದೆ. ಒಂದು ಮೀಟರ್ ದೂರದಲ್ಲಿ ಕುರ್ಚಿ ಹಾಕಿ ಕೂತೆ. ಕಣ್ಣು ಅಕ್ಷರದ ಮೇಲೆ ನೆಟ್ಟು, ತಲೆಯನ್ನು ಬೇಡ ಅನ್ನುವ ಹಾಗೆ ಎಡ ಬಲ ಅಲ್ಲಾಡಿಸುವುದು. ಅಕ್ಷರ ಸ್ಪಷ್ಟವಾಗಿ ಕಾಣುತ್ತಲೇ ಇರಬೇಕು. ಮಸುಕಾದರೆ, ಎರಡಾಗಿ ಕಂಡರೆ ವೇಗ ಜಾಸ್ತಿ ಆಯಿತು ಅಂತ ಅರ್ಥ, ತುಸು ತಗ್ಗಿಸಬೇಕು. ಮೊದಲು ಅರ್ಧ ನಿಮಿಷ, ಆಮೇಲೆ ಒಂದು ನಿಮಿಷ. ಹೌದು ಅನ್ನುವ ಹಾಗೆ ಮೇಲೆ ಕೆಳಗೂ ಅಷ್ಟೇ. ದಿನಕ್ಕೆ ಮೂರು ನಾಲ್ಕು ಸಲ. ನೋಡಿದವರಿಗೆ ಇದೇನು ಮಕ್ಕಳಾಟ ಅನ್ನಿಸಬಹುದು. ಮಾಡಿ ಮುಗಿಸುವಷ್ಟರಲ್ಲಿ ನನ್ನ ಹಣೆ ಬೆವರುತ್ತಿತ್ತು. ಎಷ್ಟು ಮಾಡಬೇಕು ಅನ್ನುವುದಕ್ಕೆ ಅವಳು ಕೊಟ್ಟ ಅಳತೆ ಬಹಳ ಉಪಯೋಗಕ್ಕೆ ಬಂತು. ತಲೆ ಸ್ವಲ್ಪ ತಿರುಗಬೇಕು, ಹದಿನೈದು ಇಪ್ಪತ್ತು ನಿಮಿಷದೊಳಗೆ ಮೊದಲಿನಂತಾಗಬೇಕು. ಅದಕ್ಕಿಂತ ಹೊತ್ತು ಹಿಡಿದರೆ ಮರುದಿನ ಕಡಿಮೆ ಮಾಡಬೇಕು. ಏನೂ ಆಗದಿದ್ದರೆ ಮುಂದಿನ ಮೆಟ್ಟಿಲು.

ಮುಂದಿನ ಮೆಟ್ಟಿಲು ಅಂದರೆ ನಿಂತು ಮಾಡುವುದು. ಆಮೇಲೆ ಪಾದ ಜೋಡಿಸಿ ನಿಂತು. ಅದೂ ಸಲೀಸಾದ ಮೇಲೆ ಕೌದಿಯ ಸರದಿ. ಆಸ್ಪತ್ರೆಯಲ್ಲಿ ಇದಕ್ಕೆ ದಪ್ಪ ಫೋಮ್ ಇರುತ್ತದೆ. ಮನೆಯಲ್ಲಿ ನಮ್ಮವ್ವ ಹೊಲಿದ ಕೌದಿ ಇತ್ತು. ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಂತರೆ ಪಾದಕ್ಕೆ ನೆಲದ ಸುದ್ದಿ ಸರಿಯಾಗಿ ಸಿಗುವುದಿಲ್ಲ, ಹಿಮ್ಮಡಿ ಒಂದು ಕಡೆ ಹೂತರೆ ಬೆರಳು ಇನ್ನೊಂದು ಕಡೆ ಒದ್ದಾಡುತ್ತದೆ. ಅದರ ಮೇಲೆ ಕಣ್ಣು ಮುಚ್ಚಿದರೆ ಪೂರ್ತಿ ಭಾರ ಒಳಗಿವಿಯ ಮೇಲೆ. ಅದೇ ಬೇಕಾಗಿದ್ದು. ಇದನ್ನು ಯಾವತ್ತೂ ಕೋಣೆಯ ಮೂಲೆಯಲ್ಲೇ ಮಾಡಿ. ಬೆನ್ನ ಹಿಂದೆ ಎರಡು ಗೋಡೆ, ಮುಂದೆ ಕುರ್ಚಿಯ ಬೆನ್ನು. ಯಾವ ಕಡೆ ವಾಲಿದರೂ ಆಸರೆ ಸಿಗುತ್ತದೆ. ಮೊದಮೊದಲು ಮನೆಯವರು ಪಕ್ಕದಲ್ಲೇ ನಿಂತಿರುತ್ತಿದ್ದರು.

ಕೊನೆಕೊನೆಗೆ "ಕ" ಚೀಟಿಯನ್ನು ಚೌಕಳಿ ಸೀರೆಯೊಂದರ ಮೇಲೆ ಪಿನ್ ಮಾಡಿ ನೇತುಹಾಕಿದೆ. ಹಿಂದೆ ಗಿಜಿಗಿಜಿ ಚೌಕಗಳಿದ್ದರೆ ಕಣ್ಣು ತಬ್ಬಿಬ್ಬಾಗುತ್ತದೆ. ಸಂತೆಯಲ್ಲಿ ಆಗುವುದೂ ಇದೇ ಅಲ್ವಾ? ಅದಕ್ಕೆ ಮನೆಯಲ್ಲೇ ಅಭ್ಯಾಸ.

ನಡಿಗೆಗೆ ಆಸರೆಯಾಗಿದ್ದು ನಮ್ಮ ಮನೆಯ ಪರಸಿ. ಶಹಾಬಾದ್ ಕಲ್ಲಿನ ನೆಲ ಇರುವವರು ಪುಣ್ಯವಂತರು ಅಂತಲೇ ನಾನು ಹೇಳುವುದು. ಕಲ್ಲಿಗೂ ಕಲ್ಲಿಗೂ ನಡುವಿನ ಸಿಮೆಂಟ್ ಗೆರೆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗುತ್ತದೆ. ಬರಿಗಾಲಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ, ಆ ಗೆರೆಯ ಮೇಲೆ ನಡೆಯುವುದು. ಮೊದಲು ಗೋಡೆಗೆ ಬೆರಳು ತಾಗಿಸಿಕೊಂಡು, ಆಮೇಲೆ ಬಿಟ್ಟು, ಆಮೇಲೆ ತಲೆ ಎಡ ಬಲ ತಿರುಗಿಸುತ್ತಾ. ಒರೆಸಿದ ಒದ್ದೆ ನೆಲದ ಮೇಲೆ ಮಾತ್ರ ಬೇಡ.

ಕಿವಿಯದ್ದೇ ತೊಂದರೆ ಆದರೂ ಕಾಲಿನ ಕಸುವನ್ನು ಮರೆಯುವಂತಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ನಿಧಾನ ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು. ರೊಟ್ಟಿ ಹಂಚು ಕಾಯುವ ಹೊತ್ತಿನಲ್ಲೇ ಇವನ್ನು ಮುಗಿಸುತ್ತಿದ್ದೆ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದರೆ ಅದಕ್ಕೇ ತಲೆ ತಿರುಗುತ್ತದೆ. ಹಾಗಾಗಿ ಏನಿದ್ದರೂ ಹೊತ್ತು ಏರುವ ಮುಂಚೆ. ರಾತ್ರಿ ಕರೆಂಟ್ ಹೋದರೆ ಕಣ್ಣಿನ ಆಸರೆಯೂ ಹೋಗುತ್ತದೆ, ದಿಂಬಿನ ಪಕ್ಕ ಬ್ಯಾಟರಿ ಇಟ್ಟುಕೊಂಡೇ ಮಲಗುತ್ತಿದ್ದೆ.

ಹೊರಗೆ ಹೋಗಲು ಶುರು ಮಾಡಿದ್ದು ಅಪ್ಪನ ಕೆರೆಯ ಕಡೆಗೆ. ಅಲ್ಲಿ ನೆಲ ಸಮ, ಗಾಡಿಗಳ ಕಾಟ ಇಲ್ಲ. ನಡೆಯುತ್ತಾ ಒಮ್ಮೆ ನೀರಿನ ಕಡೆ, ಒಮ್ಮೆ ಜನರ ಕಡೆ ಮುಖ ತಿರುಗಿಸುವುದೇ ಅಲ್ಲಿನ ವ್ಯಾಯಾಮ. ಆಮೇಲೆ ಸುಪರ್ ಮಾರ್ಕೆಟ್. ಮೊದಲು ಜನ ಕಡಿಮೆ ಇರುವ ಬೆಳಗಿನ ಹೊತ್ತು, ಬರಬರುತ್ತಾ ಸಂಜೆಯ ಗದ್ದಲದಲ್ಲಿ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯ ತೇರಿಗೆ ಹೋಗಬಲ್ಲೆನೋ ಇಲ್ಲವೋ ಅಂತ ಚಿಂತೆ ಇತ್ತು. ಹೋದೆ. ಸುತ್ತ ತಲೆಗಳೇ ತಲೆಗಳು, ಮಗಳ ತೋಳು ಹಿಡಿದಿದ್ದೆ. ತೇರಿನ ಕಳಸ ನೋಡಲು ತಲೆ ಎತ್ತಿದಾಗ ಒಮ್ಮೆ ತೂಗಿದಂತಾಯಿತು, ಪಾದ ಅಗಲಿಸಿ ನಿಂತೆ, ಸರಿಹೋಯಿತು. ಆವತ್ತಿನ ಸಂತೋಷ ನನಗೇ ಗೊತ್ತು.

ಆದರೆ ಎಲ್ಲ ಚಕ್ಕರಿಗೂ ಈ ಮದ್ದಲ್ಲ. ನಮ್ಮ ಓಣಿಯ ಒಬ್ಬರಿಗೆ ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಮಾತ್ರ ಒಂದು ಅರೆ ನಿಮಿಷ ಸುತ್ತುತ್ತಿತ್ತು. ಅದು ಒಳಗಿವಿಯ ಸಣ್ಣ ಹರಳುಗಳು ಜಾಗ ಬಿಟ್ಟು ಕೊಳವೆಗೆ ಜಾರಿದ್ದು. ಡಾಕ್ಟರ್ ಅವರನ್ನು ಮಲಗಿಸಿ ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿದರು, ಅಲ್ಲಿಗೇ ಕಡಿಮೆಯಾಯಿತು. ಸಕ್ಕರೆ ಕಾಯಿಲೆಯಿಂದ ಇಲ್ಲವೇ ಬಿ12 ಕೊರತೆಯಿಂದ ಪಾದ ಜೋಮು ಹಿಡಿದು ಜೋಲಿ ಹೊಡೆಯುವವರೂ ಇದ್ದಾರೆ, ಅವರು ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಇನ್ನು ಚಕ್ಕರ್ ಜೊತೆಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಆಸರೆ ಹಿಡಿದರೂ ನಿಲ್ಲಲಾಗದಿದ್ದರೆ ಅದು ಲಕ್ವ ಇರಬಹುದು. ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ನನಗೆ ಈಗಲೂ ಜೋರು ಜ್ವರ ಬಂದರೆ, ನಿದ್ದೆ ಕೆಟ್ಟರೆ ಎಡಕ್ಕೆ ಎಳೆಯುವುದು ಸ್ವಲ್ಪ ಮರಳುತ್ತದೆ. ಹೀಗಾಗುವುದು ಸಹಜ, ನರ ಮತ್ತೆ ಕೆಟ್ಟಿತು ಅಂತಲ್ಲ ಎಂದು ಆ ಹುಡುಗಿ ಮೊದಲೇ ಹೇಳಿಟ್ಟಿದ್ದಳು. ಅಂಥ ದಿನ ಮತ್ತೆ ಕುರ್ಚಿ ಹಾಕಿಕೊಂಡು ಅರ್ಧ ನಿಮಿಷದಿಂದ ಶುರು ಮಾಡುತ್ತೇನೆ.